ಒಂದು ಗೇಣು, ನಾಲ್ಕು ಬೆರಳು

ಮೈದಾನದ ಹಿಂದಿನ ಮನೆಯಿಂದ,
ಇಪ್ಪತ್ತೊಂದನೇ ತಾರೀಖು, ಶನಿವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಗಾಜಿನ ಕುಲುಮೆಯ ಮುಂದೆ ನಿಂತು ನಿಂತು ಕಣ್ಣು ಉರಿಯುತ್ತದೆ ಎಂದು ಹೋದ ಸಲ ಅಮ್ಮನಿಗೆ ಹೇಳಿದ್ದೆಯಂತೆ. ನನಗೆ ಹೇಳಲಿಲ್ಲ. ಕೆಲಸ ಮುಗಿದ ಮೇಲೆ ತಣ್ಣೀರಿನ ಬಟ್ಟೆ ಇಟ್ಟುಕೊಳ್ಳುತ್ತೀಯಾ? ಎಡಮಂಡಿ ಈಗಲೂ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆಯಾ? ಅಮ್ಮ ಚೆನ್ನಾಗಿದ್ದಾಳೆ. ಅಂದರೆ ಊಟ ಮಾಡುತ್ತಾಳೆ, ನನ್ನನ್ನು ಬೈಯುತ್ತಾಳೆ, ತಿಂಗಳಿಗೊಮ್ಮೆ ಅಪ್ಪನ ಅಂಗಿಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಮತ್ತೆ ಪೆಟ್ಟಿಗೆಯಲ್ಲಿಡುತ್ತಾಳೆ. ಯಾರಿಗಮ್ಮಾ ಇದೆಲ್ಲ ಎಂದರೆ, "ಇಟ್ಟಲ್ಲೇ ಇದ್ರೆ ಧೂಳು ಹಿಡಿಯುತ್ತೆ ಕಣೇ" ಅನ್ನುತ್ತಾಳೆ. ಅಪ್ಪ ಹೋಗಿ ಎಂಟು ತಿಂಗಳಾಯಿತು. ನೀನು ಮಾರನೆಯ ದಿನ ಬಂದೆ, ಮೈದಾನ ಕಾಣದ ಹಾಗೆ ಹಿತ್ತಲ ಬಾಗಿಲಿನಿಂದ ಬಂದೆ, ಸಂಜೆ ಬಸ್ಸಿಗೇ ಹೊರಟೆ. ಆಮೇಲೆ ನಾನು ಕಾಗದ ಬರೆಯಲಿಲ್ಲ. ನನ್ನದು ಏಳನೇ ಕ್ಲಾಸಿನ ಓದು, ದಿನಚರಿಗೆ ಸಾಕಾಗುತ್ತದೆ. ಇನ್ನೊಬ್ಬರಿಗೆ ಬರೆಯಲು ಕೂತರೆ ಪದಗಳು ಕಾಲು ಎಳೆಯುತ್ತವೆ. ಇವತ್ತು ಬರೆಯದಿದ್ದರೆ ಆಗುವುದಿಲ್ಲ.

ನಾಳೆ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮೈದಾನದಲ್ಲಿ ಹಾಕಿ ಫೈನಲ್. ಎದುರಿಗೆ ಅದೇ ಉಕ್ಕಿನ ಕಾರ್ಖಾನೆಯವರು. ಅವರಲ್ಲಿ ಹನ್ನೊಂದು ಜನಕ್ಕೂ ಆಡುವುದೇ ಕೆಲಸ. ನಮ್ಮಲ್ಲಿ ಬೇಕರಿಯವನು ಗೋಲು ಕಾಯುತ್ತಾನೆ, ಬೆಳಗಿನ ಬ್ರೆಡ್ ಇಳಿಸಿದ ಮೇಲೆ. ಹೋದ ವರ್ಷ ಅವರ ಊರಿಗೆ ಹೋಗಿ ಏಳು ಗೋಲು ತಿಂದು ಬಂದಿದ್ದೇವೆ. ಆದರೂ ನಮ್ಮ ಜನರ ಆಸೆ ನೋಡಬೇಕು ನೀನು. ಸೋಮವಾರ ಕ್ಷೌರದಂಗಡಿಯಲ್ಲಿ ಎಲ್ಲರೂ "ಮೂರಕ್ಕಿಂತ ಹೆಚ್ಚು ತಿನ್ನದಿದ್ರೆ ಮರ್ಯಾದೆ ಉಳೀತು" ಅನ್ನುತ್ತಿದ್ದರು. ಬುಧವಾರಕ್ಕೆ ಅವರ ಸೆಂಟರ್ ಫಾರ್ವರ್ಡಿಗೆ ಹಲ್ಲುನೋವು ಎಂಬ ಸುದ್ದಿ ಬಂತು, ಯಾರು ತಂದರೋ, ಆಟ ಸಮನಾಯಿತು. ನಿನ್ನೆ ಸಂಜೆಗೆ ನಾವು ಎರಡು ಒಂದರಲ್ಲಿ ಗೆದ್ದೂ ಆಗಿತ್ತು. ಕ್ಷೌರಿಕ ಕತ್ತಿ ಹಿಡಿದ ಕೈಯಲ್ಲೇ ಗಾಳಿಯಲ್ಲಿ ಗೋಲು ಹೊಡೆದು ತೋರಿಸುತ್ತಾನೆ, ಕುರ್ಚಿಯಲ್ಲಿ ಕೂತವರು ಜೀವ ಬಿಗಿಹಿಡಿದು ಕೂರುತ್ತಾರೆ. "ಕಾದ ತಟ್ಟೆ ಹಿಡಿಯೋ ಕೈ ಕಣ್ರೋ ಬೇಕರಿಯವನದು, ಚೆಂಡು ಯಾವ ಲೆಕ್ಕ" ಅನ್ನುತ್ತಾನೆ. ನಗು ಬರುತ್ತದೆ. ನಕ್ಕ ಕೂಡಲೇ ಅಪ್ಪ ಬೆನ್ನ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನಿಸಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಮೈದಾನ ನೋಡಿಕೊಳ್ಳುವ ಅಪ್ಪನ ಕೆಲಸವನ್ನು ಕ್ಲಬ್ಬಿನವರು ನನಗೇ ಕೊಟ್ಟಿದ್ದಾರೆ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಗೆರೆ ಎಳೆಯುವುದು. ಸುಣ್ಣದ ಗಾಡಿ ಅದೇ. ತಳ್ಳಿದರೆ ಅದರ ಚಕ್ರ ಕಿರ್ ಎನ್ನುತ್ತದೆ, ನಿಂತರೆ ನಿಲ್ಲುತ್ತದೆ. ಆದರೆ ನಾನು ನಿಂತ ಮೇಲೂ ಒಂದು ಸುತ್ತು ಅದು ಎಲ್ಲೋ ಉರುಳಿದ ಹಾಗೆ ಕೇಳುತ್ತದೆ. ಎಣ್ಣೆ ಬಿಟ್ಟು ನೋಡಿದೆ, ಹೋಗಲಿಲ್ಲ. ಸಾಮಾನು ಕೋಣೆಯ ಸಿಮೆಂಟು ನೆಲದ ಮೇಲೆ ಅಪ್ಪನ ಬಲಗಾಲಿನ ಬೂಟಿನ ಗುರುತು ಸುಣ್ಣದಲ್ಲಿ ಕಚ್ಚಿಕೊಂಡಿದೆ. ಎಷ್ಟು ತೊಳೆದರೂ ಒಣಗಿದಾಗ ಎದ್ದು ಬರುತ್ತದೆ. ಅದನ್ನು ತುಳಿಯದೆ ಸುತ್ತಿ ಹೋಗುವುದು ಈಗ ನನ್ನ ಕಾಲಿಗೆ ರೂಢಿಯಾಗಿದೆ.

ವಿಷಯಕ್ಕೆ ಬರುತ್ತೇನೆ. ಗೋಲಿನ ಮುಂದಿನ ಅರ್ಧವೃತ್ತವನ್ನು ಅಪ್ಪ ಹಗ್ಗದಿಂದಲೇ ಎಳೆಯುತ್ತಿದ್ದದ್ದು ನಿನಗೆ ಗೊತ್ತಲ್ಲ. ಒಂದು ತುದಿಯ ಕುಣಿಕೆ ಗೋಲಿನ ಕಂಬಕ್ಕೆ, ಇನ್ನೊಂದು ತುದಿಯಲ್ಲಿ ಮೊಳೆ, ನಡುವೆ ಹದಿನಾರು ಗಜ. ಹಿಂದೊಮ್ಮೆ ಕುಣಿಕೆಯ ಕಡೆ ಕೊಳೆತಾಗ ಅಷ್ಟು ಕತ್ತರಿಸಿ ಹೊಸ ಕುಣಿಕೆ ಹಾಕಲಾಗಿತ್ತು. ಆ ಹಗ್ಗ ಈ ಮಂಗಳವಾರ ನನ್ನ ಕೈಯಲ್ಲಿ ಕಿತ್ತುಬಂತು. ಪಕ್ಕದ ಮನೆಯ ಬಡಗಿಯಿಂದ ಅಳತೆಪಟ್ಟಿ ತಂದು ಹೊಸ ಹಗ್ಗ ಅಳೆದೆ. ಬಾವುಟ ಕಟ್ಟಲು ಬಂದಿದ್ದ ಕ್ಷೌರಿಕ ಆ ಕಡೆಯ ತುದಿ ಹಿಡಿದುಕೊಂಡ. ಹಳೆಯದರ ತುಂಡುಗಳನ್ನು ಜೋಡಿಸಿ ಸುಮ್ಮನೆ ಪಕ್ಕದಲ್ಲಿ ಹಾಸಿದೆ. ತಮ್ಮಯ್ಯಾ, ಹಳೆಯದು ಒಂದು ಗೇಣು ನಾಲ್ಕು ಬೆರಳು ಗಿಡ್ಡ. ಮೂರು ಸಲ ಹಾಸಿದೆ. ಮೂರು ಸಲವೂ ಅಷ್ಟೇ.

ಅರ್ಧವೃತ್ತದ ಒಳಗಿನಿಂದ ಹೊಡೆದರೆ ಮಾತ್ರ ಗೋಲು ಎಂದು ನಿನಗೆ ನಾನು ಹೇಳಿಕೊಡಬೇಕೇ? ಆ ನಿಯಮವೇ ನಿನ್ನನ್ನು ಮನೆ ಬಿಡಿಸಿದ್ದು. ನಾಲ್ಕು ವರ್ಷದ ಹಿಂದೆ, ಇದೇ ಉಕ್ಕಿನವರ ಮೇಲೆ, ಒಂದು ಸೊನ್ನೆಯಲ್ಲಿ ಹಿಂದಿದ್ದಾಗ, ಕೊನೆಯ ನಿಮಿಷದಲ್ಲಿ ನೀನು ಹೊಡೆದ ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಂಪೈರ್ ಬಗ್ಗಿ ನೋಡಿ, ಗೆರೆಯಿಂದ ನಾಲ್ಕು ಬೆರಳು ಹೊರಗೆ ಎಂದ. "ಒಳಗಿತ್ತು! ನನ್ನ ಕಾಲಿಗೆ ಗೊತ್ತು" ಎಂದು ನೀನು ಕೂಗಾಡಿದೆ, ಸ್ಟಿಕ್ ಎಸೆದೆ, ಕ್ಲಬ್ಬಿನವರು ಒಂದು ವರ್ಷ ಹೊರಗಿಟ್ಟರು. ಕ್ಷೌರಿಕ ನಿನಗೆ "ಗೆರೆಯಾಚೆ ಶೂರ" ಎಂದು ಹೆಸರಿಟ್ಟ, ಬೀದಿಯೆಲ್ಲ ಅದನ್ನೇ ಹಾಡಿತು. ಮನೆಯಲ್ಲಾದರೂ ಒಬ್ಬರು ನಿನ್ನ ಕಡೆ ಇರಬೇಕಿತ್ತು. ಅಪ್ಪ ಅಂದದ್ದು ನಿನಗೆ ನೆನಪಿದೆ, ನನಗೂ ಇದೆ: "ಆ ಗೆರೆ ಎಳೆದೋನು ನಾನು. ಗೆರೆ ಸುಳ್ಳು ಹೇಳಲ್ಲ. ನೀನು ಹೇಳ್ತಿದೀಯ." ಆ ವಾರವೇ ನೀನು ಹೋದೆ.

ನಿನ್ನ ಚೆಂಡು ಒಳಗಿತ್ತು. ಒಂದು ಗೇಣು ಒಳಗಿತ್ತು.

ಕ್ಷೌರಿಕನಿಗೂ ಹೊಳೆಯಿತು. ಹಗ್ಗದ ತುದಿಯನ್ನು ಹಿಡಿದೇ ಕೂತ. ಆಮೇಲೆ ಅವನ ತಲೆ ಬೇರೆ ಕಡೆ ಓಡಿತು. ಉಕ್ಕಿನವರ ಬಲವಿರುವುದೇ ವೃತ್ತದ ಅಂಚಿನಿಂದ ಹೊಡೆಯುವ ಹೊಡೆತದಲ್ಲಿ. ಗೆರೆ ಗಿಡ್ಡವಿದ್ದರೆ ಅವರ ನಾಲ್ಕು ಗೋಲಿನಲ್ಲಿ ಎರಡು ಹೊರಗಾಗುತ್ತವೆ. "ನೋಡಕ್ಕಾ, ಇದು ಹಗ್ಗಕ್ಕೆ, ನಿನಗೆ, ನನಗೆ, ಮೂವರಿಗೇ ಗೊತ್ತಿರಲಿ. ಎರಡೂ ಕಡೆ ಒಂದೇ ಥರ ಗಿಡ್ಡ ಅಂದ್ಮೇಲೆ ಮೋಸ ಎಲ್ಲಿಂದ ಬಂತು? ಒಂದು ಗೇಣು ಅಂದ್ರೆ ನಮ್ಮ ಬಡ ಟೀಮಿಗೆ ಹನ್ನೆರಡನೇ ಆಟಗಾರ ಇದ್ದ ಹಾಗೆ. ಹಳೇ ಗೆರೆ ಮೇಲೇ ಸುಣ್ಣ ಹಾಕ್ಬಿಡು" ಎಂದ. ನನ್ನ ತಮ್ಮ? ಎಂದು ಕೇಳಿದೆ. "ಅವನು ಅಲ್ಲಿ ಚೆನ್ನಾಗೇ ಇದಾನಲ್ಲ" ಎಂದ. ಆಮೇಲೆ ನೆಲ ನೋಡುತ್ತಾ, "ನಿಮ್ಮಪ್ಪನ ಹೆಸರಾದರೂ ಉಳೀಲಿ" ಎಂದ.

ಅಲ್ಲೇ ನಾನು ಸಿಕ್ಕಿಕೊಂಡದ್ದು. ವರ್ಷಗಟ್ಟಲೆ ಸುಣ್ಣ ಬಿದ್ದ ಜಾಗದಲ್ಲಿ ಹುಲ್ಲು ಸತ್ತು ನೆಲವೇ ಕಮಾನಿನ ಹಾಗೆ ಬೋಳಾಗಿದೆ. ಸರಿಯಾದ ಗೆರೆ ಎಳೆದರೆ ಅದು ಈ ಬೋಳಿನ ಆಚೆ, ಹಸಿರು ಹುಲ್ಲಿನ ಮೇಲೆ ಬೀಳುತ್ತದೆ. ಎರಡೂ ಪಕ್ಕಪಕ್ಕ ಕಾಣುತ್ತವೆ. ಅಪ್ಪನ ಗೆರೆ ತಪ್ಪು ಎಂದು ಕಣ್ಣಿದ್ದವರೆಲ್ಲ ಓದಿಕೊಳ್ಳಬಹುದು. ಎಳೆಯದಿದ್ದರೆ ನೀನು ಸುಳ್ಳನಾಗಿಯೇ ಉಳಿಯುತ್ತೀಯ. ಬುಧವಾರ, ಗುರುವಾರ, ಶುಕ್ರವಾರ ದಿನಚರಿಯಲ್ಲಿ ಒಂದೊಂದೇ ಸಾಲು: ಇವತ್ತೂ ಎಳೆಯಲಿಲ್ಲ.

ಅಪ್ಪನಿಗೆ ಗೊತ್ತಿತ್ತು, ತಮ್ಮಯ್ಯಾ. ನೀನು ಹೋದ ಒಂದು ತಿಂಗಳಿಗೆ, ಆಟವೇ ಇಲ್ಲದ ಒಂದು ಮಧ್ಯಾಹ್ನ, ಬಡಗಿಯ ಅಳತೆಪಟ್ಟಿ ಇಸಿದುಕೊಂಡು ಒಬ್ಬನೇ ಮೈದಾನಕ್ಕೆ ಹೋಗಿದ್ದ. ಕಂಬದಿಂದ ಗೆರೆಗೆ, ಗೆರೆಯಿಂದ ಕಂಬಕ್ಕೆ ನಡೆಯುತ್ತಲೇ ಇದ್ದ. ಮನೆಗೆ ಬಂದವನು ನನ್ನ ಮುಖವನ್ನು ತುಂಬಾ ಹೊತ್ತು ನೋಡಿ, "ಊಟ ಹಾಕು" ಎಂದ, ಹಾಕಿದ್ದನ್ನು ಮುಟ್ಟಲಿಲ್ಲ. ಆಮೇಲೂ ಮೂರು ವರ್ಷಕ್ಕೂ ಹೆಚ್ಚು ಕಾಲ ಅದೇ ಹಗ್ಗದಿಂದ ಅದೇ ಗೆರೆ ಎಳೆದ. ಆಸ್ಪತ್ರೆಯಲ್ಲಿ ಕೊನೆಯ ಎರಡು ದಿನ ಮಾತಿರಲಿಲ್ಲ. ಬಲಗೈ ಬೆರಳು ಮಾತ್ರ ಹೊದಿಕೆಯ ಮೇಲೆ ಒಂದು ಕಮಾನು ಎಳೆಯುತ್ತಿತ್ತು. ಎಳೆದು, ಸ್ವಲ್ಪ ಆಚೆ ಸರಿದು, ಇನ್ನೊಂದು ಎಳೆಯುತ್ತಿತ್ತು. ನರ್ಸಮ್ಮ "ಕೆಲಸದ ಕೈ, ಸುಮ್ನಿರಲ್ಲ ಪಾಪ" ಎಂದಳು. ಅಮ್ಮ ಆ ಕೈ ಹಿಡಿದುಕೊಂಡರೆ ಬಿಡಿಸಿಕೊಂಡು ಮತ್ತೆ ಎಳೆಯುತ್ತಿದ್ದ. ಈಗ ನಾನು ಕಣ್ಣು ಮುಚ್ಚಿದರೆ ಸಾಕು, ಆ ಬೆರಳು ನನ್ನ ಹೊದಿಕೆಯ ಮೇಲೂ ಓಡಾಡುತ್ತದೆ.

ಇವತ್ತು ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊಸ ಹಗ್ಗ ತೆಗೆದುಕೊಂಡು ಹೋದೆ. ಎರಡೂ ಕಡೆ ಎಳೆದೆ, ಹದಿನಾರು ಗಜಕ್ಕೆ. ಗಾಡಿಯ ಚಕ್ರ ನಾನು ನಿಂತಾಗ ನಿಂತಿತು. ಅಷ್ಟು ನಿಶ್ಶಬ್ದವನ್ನು ನಾನು ಎಂಟು ತಿಂಗಳಲ್ಲಿ ಕೇಳಿರಲಿಲ್ಲ, ಹೆದರಿಕೆಯಾಯಿತು. ಎಂಟು ಗಂಟೆಗೆ ಬಾವುಟದವರು, ಪೀಪಿಯವರು, ಬೇಕರಿಯವನು ಎಲ್ಲ ಬಂದರು. ಮೊದಲು ಯಾರಿಗೂ ತಿಳಿಯಲಿಲ್ಲ. "ಇದೇನಕ್ಕಾ, ಮೈದಾನಕ್ಕೆ ಎರಡು ಹುಬ್ಬು ಬರೆದಿದೀಯ?" ಎಂದು ಯಾರೋ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಗ್ಗಿ ಗೇಣು ಹಾಕಿ ನೋಡಿದರು. ಒಬ್ಬ ಹೋಗಿ, ನೀನು ಅವತ್ತು ಹೊಡೆದ ಜಾಗದಲ್ಲಿ ನಿಂತ. ಎಲ್ಲರಿಗೂ ಆ ಜಾಗ ಗೊತ್ತಿದೆ ನೋಡು, ನಾಲ್ಕು ವರ್ಷವಾದರೂ. "ಹಾಗಾದ್ರೆ ಆ ಮುದುಕ ಮಗನ್ನೇ ಮುಳುಗಿಸಿದ್ನಾ" ಎಂದು ಪೀಪಿಯವನು ಅಂದ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ನೇನೋ, ಮರ್ಯಾದಸ್ಥ" ಎಂದು ಇನ್ನೊಬ್ಬ. ಕ್ಷೌರಿಕ ಹೊಸ ಗೆರೆಯ ಒಳಗೆ ನಿಂತು ತಲೆ ಕೆರೆದುಕೊಂಡು, "ಸರಿ, ಏಳು ತಿಂದರೂ ಸರಿಯಾದ ಅಳತೆಗೇ ತಿನ್ನೋಣ" ಎಂದ. ಬೇಕರಿಯವನು ಗೋಲಿನಲ್ಲಿ ನಿಂತು ಹೊಸ ಅಂಚಿನಿಂದ ಇಪ್ಪತ್ತು ಚೆಂಡು ಹೊಡೆಸಿಕೊಂಡ, ಹದಿನಾಲ್ಕು ತಡೆದ. ಆ ಹದಿನಾಲ್ಕರ ಮೇಲೆ ಈಗ ಮತ್ತೆ ಆಸೆ ಚಿಗುರಿದೆ. ಈ ಜನಕ್ಕೆ ಆಸೆ ಎಂಬುದು ಗರಿಕೆ ಇದ್ದ ಹಾಗೆ, ಎಲ್ಲಿ ತುಳಿದರೂ ಏಳುತ್ತದೆ. ಗೆಲ್ಲುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ಆಸೆ ಉಳಿಯಲಿ ಅನ್ನಿಸುತ್ತದೆ, ಕೊನೆಯ ನಿಮಿಷದ ತನಕ.

ಹನ್ನೊಂದು ಗಂಟೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಸಂಜೆ ನಿನ್ನ ಕಾರ್ಖಾನೆಯ ಗೇಟಿನಲ್ಲಿ ಕೊಡುತ್ತಾನೆ. ನಾಳೆ ಮುಂಜಾನೆಯ ಬಸ್ಸು ಹತ್ತಿದರೆ ಎರಡಕ್ಕೆ ಇಲ್ಲಿರುತ್ತೀಯ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕಣ್ಣು ಉಜ್ಜಿಕೊಳ್ಳಬೇಡ ಎಂದೂ ಹೇಳಿದ್ದಾಳೆ. ಬಂದರೆ ಮುಂಬಾಗಿಲಿನಿಂದ ಬಾ.

ನಿನ್ನ
ಅಕ್ಕ

ಮರೆತೆ, ಮರೆಯಲಿಲ್ಲ, ಬರೆಯಲು ಧೈರ್ಯವಾಗಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಆ ಹಗ್ಗ ಕತ್ತರಿಸಿದ್ದು ಅಪ್ಪನಲ್ಲ, ನಾನು. ನಿನ್ನ ಆಟದ ಹಿಂದಿನ ವರ್ಷ, ಮೈದಾನಕ್ಕೆ ಹೊಸ ಹುಲ್ಲು ಹಾಕಿ ಹಳೆಯ ಗೆರೆಯೆಲ್ಲ ಅಳಿಸಿದ್ದಾಗ. "ಕೊಳೆತದ್ದು ತೆಗೆದು, ಮೊಳೆ ಕಡೆ ಸುತ್ತಿರೋ ಹಗ್ಗ ಅಷ್ಟು ಬಿಚ್ಚಿ, ಅಳೆದು ಕಟ್ಟು" ಎಂದಿದ್ದ. ಗೆಳತಿ ಬಾಗಿಲಲ್ಲಿ ಕಾಯುತ್ತಿದ್ದಳು, ಹಾಗೇ ಕಟ್ಟಿ ಓಡಿದೆ. ಅಳೆದ್ಯಾ ಎಂದು ಕೇಳಿದಾಗ ಹೂಂ ಎಂದೆ. ಆ ದಿನದ ದಿನಚರಿಯಲ್ಲೂ "ಹಗ್ಗ ಅಳೆದು ಕಟ್ಟಿದೆ" ಎಂದೇ ಬರೆದಿದ್ದೇನೆ. ಅಪ್ಪ ನಿನ್ನನ್ನು ಸುಳ್ಳ ಎಂದಾಗ ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಇದು ನೆನಪಾಗಿತ್ತು. ಸುಮ್ಮನಿದ್ದೆ. ಅಳೆದು ಬಂದ ದಿನವೂ ಅವನು ನನ್ನನ್ನು ಏನೂ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಅಷ್ಟು ಜನ ಅವನನ್ನು ಬೈದರು, ಆಗಲೂ ನನಗೆ ಬಾಯಿ ಬರಲಿಲ್ಲ. ಅಮ್ಮನಿಗೂ ಗೊತ್ತಿಲ್ಲ. ನಾಳೆ ಆಟ ಶುರುವಾಗುವ ಮೊದಲು ಆ ಗೆರೆಯ ಮೇಲೆ ನಿಂತು ಎಲ್ಲರಿಗೂ ಹೇಳುತ್ತೇನೆ, ನೀನು ಬಂದರೂ, ಬಾರದಿದ್ದರೂ.