ಗುಳಿಗಿ ಅಲ್ಲ, ಪುಡಿ

ರವಿಯ ಮನೆ, ಟ್ರಾಯ್
ಮಾರ್ಚ್ 9, 2024

ನನ್ನ ಶಾಂಭವಿ,

ಆಶೀರ್ವಾದವನ್ನು ಕಡೆಗೆ ಬರೆಯುತ್ತೇನೆ, ತೆಗೆದುಕೊಳ್ಳುವ ಮನಸ್ಸು ನಿನಗೆ ಉಳಿದರೆ. ನಾಲ್ಕನೇ ಇಯತ್ತೆ ಓದಿದವಳ ಅಕ್ಷರ, ಕೋಳಿ ಕೆದರಿದ ಹಾಗಿದೆ. ಪೂರ್ತಿ ಓದು. ಫೋನಿನಲ್ಲಾದರೆ ನೀನು ಅಳುತ್ತೀಯ, ನನ್ನ ಬಾಯಿ ಕಟ್ಟುತ್ತದೆ.

ಓಕ್ ಬ್ರೂಕಿನ ಔಷಧದಂಗಡಿಯ ಕೆಲಸ ಬಿಟ್ಟೆಯಂತೆ. ನಿಮ್ಮಪ್ಪನ ಕಾರ್ಯದ ದಿನ ರವಿಶಂಕರ ಎಲ್ಲರ ಮುಂದೆ, "ನೀ ಡಾಕ್ಟರಿಗೆ ಹೇಳಿ ಬರೆಸಿದ ಎರಡನೇ ಗುಳಿಗೀನ ಅಪ್ಪನ್ನ ತಗೊಂಡು ಹೋತು" ಎಂದ. ನಿನ್ನ ತಮ್ಮನಿಗೆ ಬಾಯಿ ದೊಡ್ಡದು, ತಲೆ ಸಣ್ಣದು. ಅದು ನನ್ನ ಕಡೆಯಿಂದಲೇ ಬಂದದ್ದು. ಆದರೆ ಅವತ್ತು ಬಾಯಿ ಮುಚ್ಚಿಕೊಂಡು ಕುಳಿತವಳು ನಾನು.

ನಸುಗುನ್ನಿ ಗೊತ್ತಲ್ಲ, ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುವ ಕಾಯಿ. ಅದರ ಬೀಜವನ್ನು ಹಾಲಿನಲ್ಲಿ ಕುದಿಸಿ, ಸಿಪ್ಪೆ ತೆಗೆದು, ಪುಡಿ ಮಾಡಿ ಕೊಟ್ಟರೆ ಮೈ ನಡುಕಕ್ಕೆ ಒಳ್ಳೆಯದೆಂದು ನಮ್ಮಪ್ಪ ಹೇಳುತ್ತಿದ್ದ. ಊರಿಂದ ಬರುವಾಗ ಸೀರೆಯ ಮಡಿಕೆಯಲ್ಲಿ ತಂದಿದ್ದೆ. ದಿನಾ ಬೆಳಿಗ್ಗೆ ನಿಮ್ಮಪ್ಪನಿಗೆ ಪಾರ್ಕಿನ್ಸನ್ ಗುಳಿಗಿ ನುಂಗಿಸಿದ ಮೇಲೆ ಹಾಲಿಗೆ ಒಂದು ಚಮಚ ಹಾಕಿ ಕುಡಿಸುತ್ತಿದ್ದೆ. ಎರಡನೆಯ ಗುಳಿಗಿ ಬರೆಯುವ ಮುಂಚೆ ಡಾಕ್ಟರು ಕೇಳಿದ್ದನ್ನು ರವಿ ಕನ್ನಡಕ್ಕೆ ತಿರುಗಿಸಿದ: "ಅವ್ವಾ, ಬ್ಯಾರೆ ಗುಳಿಗಿ ಏನರ ಕೊಡತಿಯೇನ?" ಇಲ್ಲ ಎಂದೆ. ಪುಡಿ ಗುಳಿಗಿ ಅಲ್ಲವಲ್ಲ.

ಆ ಎರಡನೆಯ ಗುಳಿಗಿ ಸೇರಿದ ಮೇಲೆ ಹದಿನೈದು ದಿನ ಏನು ಚೆಂದವಿತ್ತು! ನಿಮ್ಮಪ್ಪ ತಾವೇ ಅಂಗಿಯ ಗುಂಡಿ ಹಾಕಿಕೊಂಡರು. "ಏ, ನೀ ಕುಂದರು, ಚಾ ನಾ ಸೋಸತೀನಿ" ಎಂದರು. ಐವತ್ತೆರಡು ವರ್ಷದಲ್ಲಿ ಮೊದಲ ಸಲ.

ಆಮೇಲೆ ಕೈಕಾಲು ತಮ್ಮಷ್ಟಕ್ಕೆ ಹೊಯ್ದಾಡತೊಡಗಿದವು. ಸತ್ತು ಹತ್ತು ವರ್ಷವಾದ ತಮ್ಮ ನಿಂಗಪ್ಪ ಗರಾಜಿನಲ್ಲಿ ಚಳಿಯಲ್ಲಿ ನಿಂತಿದ್ದಾನೆ ಎಂದು ಹಟ ಹಿಡಿದರು. ಅವನಿಗೆ ಬಾಗಿಲು ತೆಗೆಯಲು ಎದ್ದವರೇ ಮೆಟ್ಟಿಲ ಮೇಲೆ ಬಿದ್ದರು. ತಲೆಗೆ ಪೆಟ್ಟು. ಮೂರನೇ ದಿನಕ್ಕೆ ಮುಗಿಯಿತು.

ಮೊನ್ನೆ ರವಿಯ ಮಗಳು ಇಳಾ ಪುಡಿಯ ಡಬ್ಬಿ ಮೂಸಿ ಇದೇನೆಂದು ಕೇಳಿದಳು. ಹೆಸರು ಹೇಳಿದೆ. ಫೋನಿನಲ್ಲಿ ಹುಡುಕಿ ಓದಿ, "ಸೇಮ್ ಥಿಂಗ್, ಅಜ್ಜಿ" ಎಂದಳು. ಮೊದಲನೆಯ ಗುಳಿಗಿಯಲ್ಲಿರುವುದೇ ಬೀಜದಲ್ಲೂ ಇದೆಯಂತೆ. ಅದರ ಜೋರು ಹೆಚ್ಚು ಹೊತ್ತು ನಿಲ್ಲಲೆಂದು ನೀನು ಬರೆಸಿದ ಎರಡನೆಯ ಗುಳಿಗಿ ನನ್ನ ಪುಡಿಯ ಜೋರನ್ನೂ ಇಳಿಯಗೊಡದೆ ಹಿಡಿದಿಟ್ಟಿತಂತೆ; ಎಲ್ಲ ಸೇರಿ ಅತಿಯಾಗಿ ಕೈಕಾಲು ಹೊಯ್ದಾಡಿ, ಇಲ್ಲದವರು ಕಂಡರಂತೆ. ನಿನ್ನ ಅಳತೆ ಸರಿಯಾಗಿತ್ತು, ಯವ್ವಾ. ನನ್ನ ಚಮಚ ನಿನಗೆ ಕಾಣಲಿಲ್ಲ, ಅಷ್ಟೆ.

ರವಿಗೂ ಹೇಳಿದೆ. ಉಣ್ಣುವುದನ್ನು ಬಿಟ್ಟು ಹೋಗಿ ಕಾರಿನಲ್ಲಿ ಕುಳಿತ.

ನೀನು ಕೆಲಸಕ್ಕೆ ಹೋಗು. ನನ್ನಂಥ ಮುದುಕಿಯರು ಬಂದರೆ ಗುಳಿಗಿ ಎಂದು ಕೇಳಬೇಡ. "ಹಾಲಾಗ ಏನ ಹಾಕತಿ?" ಎಂದು ಕೇಳು. ಆಶೀರ್ವಾದ ಇಲ್ಲಿದೆ, ಬೇಕೆನಿಸಿದರೆ ತಗೋ.

ನಿನ್ನ ಅವ್ವ,
ಕಮಲವ್ವ

ತಾ.ಕ.: ಇಷ್ಟು ಬರೆದರೂ ಒಂದು ಉಳಿಯಿತು. ಗುಳಿಗಿ ಎಂದು ಕೇಳಿದವನು ರವಿ. ನಿಮ್ಮಪ್ಪ ಬೀಳುವ ಹಿಂದಿನ ದಿನ ಫೋನ್ ಮಾಡಿದ ನೀನು ಗುಳಿಗಿ ಅನ್ನಲಿಲ್ಲ. "ಅವ್ವಾ, ಅಪ್ಪನ ಬಾಯಿಗೆ ಮತ್ತೇನರ ಹಾಕಾಕತ್ತೀಯೇನ?" ಎಂದು ನೀನು ಕೇಳಿದೆ. ಪುಡಿಯಂಥದ್ದನ್ನೂ ಸೇರಿಸಿ ಕೇಳುತ್ತಿದ್ದೀಯೆಂದು ನನಗೆ ತಿಳಿಯಿತು. ನೀನು ಪುಡಿ ಬಿಡಿಸಿದರೆ ಗುಂಡಿ ಹಾಕಿಕೊಳ್ಳುವ ಆ ಕೈ ಮತ್ತೆ ಹೋಗಿಬಿಟ್ಟೀತೆಂದು ಇಲ್ಲ ಎಂದೆ. ಚಮಚ ಕೈಯಲ್ಲೇ ಇತ್ತು.