ಒದ್ದೆ ಸ್ಲೇಟು

ಆಗ್ವಾ ಸಾರ್ಕಾ, ನ್ಯೂ ಮೆಕ್ಸಿಕೊ
ತಪಸ್ಸುಕಾಲದ ಶುಕ್ರವಾರ, ಮಾರ್ಚ್ 1978

ಪ್ರೀತಿಯ ಒದಿಲಿಯಾ ಅಕ್ಕನಿಗೆ,

ನಿನ್ನ ಯುಫೆಮಿಯಾಳ ನಮಸ್ಕಾರ. ಇವತ್ತು ಉಪವಾಸ, ಸಂಜೆ ಒಂದೇ ಊಟ. ಕೋಳಿ ಬಿಟ್ಟು, ಒಲೆಯ ಬೂದಿ ತೆಗೆದು, ಬೀನ್ಸ್ ಕಾಳು ಬೇಯಲಿಟ್ಟು ಬಂದು ಕೂತಿದ್ದೇನೆ. ಬಾಗಿಲು ಮಾತ್ರ ತೊಳೆದಿಲ್ಲ. ಅದನ್ನು ಬಿಟ್ಟು ಮೂವತ್ತೊಂದು ವರ್ಷವಾಯಿತು. ಯಾಕೆಂದು ಹೇಳಲೆಂದೇ ಈ ಕಾಗದ.

ನಮ್ಮ ರೈಲು ಬೀದಿ ಈಗ ಪಾರಂಪರಿಕ ಬೀದಿಯಂತೆ. ರೈಲು ನಿಲ್ಲುವುದು ಬಿಟ್ಟ ಮೇಲೆ ನಮಗೆ ಮರ್ಯಾದೆ ಬಂತು ನೋಡು. ಸಮಿತಿಯ ಹೆಂಗಸೊಬ್ಬಳು ಬಂದು, ಗೋಡೆಯ ಮಸಿಯನ್ನೂ ತೊಳೆಯಬೇಡಿ ಅಂದಳು. "ಅಯ್ಯೋ ತಾಯಿ, ಅದನ್ನ ತಿಕ್ಕೀ ತಿಕ್ಕೀ ನಮ್ಮತ್ತೆ ಸತ್ರು, ಈಗ ಹೇಳ್ತೀರಲ್ಲ!" ಅಂದೆ. ನಕ್ಕಳು. ಆಮೇಲೆ ಒಳಗೆ ತೂಗುಹಾಕಿದ್ದ ನಮ್ಮ ಸ್ಲೇಟು ನೋಡಿದಳು.

ನಮ್ಮ ಸಾಲಿನ ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ಇರುತ್ತಿತ್ತಲ್ಲ. ರೈಲಿನ ಕೆಲಸದ ಗಂಡಸರು ತಾವು ಏಳಬೇಕಾದ ಹೊತ್ತು ಬರೆದು ಮಲಗುತ್ತಿದ್ದರು, ಎಬ್ಬಿಸುವ ಕೆಲಸದ ಒಂಟಿಗೈ ತೊರಿಬಿಯೊ ನೋಡಿಕೊಂಡು ತಟ್ಟಿ ಎಬ್ಬಿಸುತ್ತಿದ್ದ. ಸ್ಲೇಟು ಖಾಲಿ ಇದ್ದರೆ ಗಂಡಸು ಮನೆಯಲ್ಲಿಲ್ಲ ಎಂದು ಪಕ್ಕದ ಮನೆಯವನನ್ನು ಕರೆಯುತ್ತಿದ್ದ. ನಮ್ಮದರಲ್ಲಿ ಇನ್ನೂ 5-40 ಎಂದಿದೆ. ಅದಕ್ಕೆ ಗಾಜು ಹಾಕಿ, ಎಬ್ಬಿಸುವವನು ಇದನ್ನು ಓದದೆ ಹೋದದ್ದರಿಂದ ಲಿಯಾಂದ್ರೊನ ಬದಲಿಗೆ ಹೋದ ಕ್ರೆಸೆನ್ಸಿಯೊ ಸೇತುವೆಯಲ್ಲಿ ಮಡಿದ ಎಂದು ಹಿತ್ತಾಳೆಯಲ್ಲಿ ಕೆತ್ತಿಸುತ್ತಾರಂತೆ. ಪರದೆ ಸರಿಸಲು ಅವನ ಹೆಂಡತಿ ಎಂದು ನಿನ್ನನ್ನೇ ಕರೆಯುತ್ತಾರಂತೆ.

ಅಕ್ಕ, ಆ ಅಕ್ಷರ ನನ್ನ ಗಂಡ ಲಿಯಾಂದ್ರೊನದಲ್ಲ, ನನ್ನದು.

ಹಳ್ಳಿಯಿಂದ ಮದುವೆಯಾಗಿ ಬಂದು ಆಗಿನ್ನೂ ಎರಡು ತಿಂಗಳು. ಶುಭ ಶುಕ್ರವಾರ ಸ್ವಾಮಿಯ ಶಿಲುಬೆಯ ಮೆರವಣಿಗೆ ನಮ್ಮ ಬೀದಿಯಲ್ಲಿ ಹಾಯುತ್ತದೆ, ಹೊಸ್ತಿಲಲ್ಲಿ ಮಸಿ ಇರಬಾರದು ಎಂದು ನಸುಕಿನಲ್ಲೇ ಎದ್ದು ಬಾಗಿಲು ತೊಳೆದೆ. ಅದೇ ಬಟ್ಟೆಯಲ್ಲಿ ಸ್ಲೇಟನ್ನೂ ಒರೆಸಿದೆ, ಲಿಯಾಂದ್ರೊ ರಾತ್ರಿ ಬರೆದಿಟ್ಟ ಹೊತ್ತು ಅಳಿಸಿಹೋಯಿತು. ಭಕ್ತಿಯಿಂದ ಮಾಡಿದ್ದು. ನೀರು ಚೆಲ್ಲಿ ಬರುವಷ್ಟರಲ್ಲಿ ನಿನ್ನ ಬಾಗಿಲು ತಟ್ಟುವುದು ಕೇಳಿಸಿತು. ಹಿಂದಿನ ಸಂಜೆ ತಾನೇ ದಣಿದು ಬಂದಿದ್ದ ನಿನ್ನ ಕ್ರೆಸೆನ್ಸಿಯೊ ಕಣ್ಣುಜ್ಜಿಕೊಂಡು ಹೊರಟ. "ಏನಮ್ಮ ಮದುಮಗಳೇ, ಗಂಡನ್ನ ಎಲ್ಲಿ ಬಚ್ಚಿಟ್ಟೆ?" ಎಂದು ನನ್ನನ್ನೇ ರೇಗಿಸಿದ. ನಾಚಿಕೊಂಡು ಒಳಗೆ ಓಡಿದೆ. ಆ ಒಂದು ಮಾತಿಗೆ, ಒಳಗೇ ಮಲಗಿದ್ದಾನೆ ಎಂದು ಉತ್ತರ ಕೊಟ್ಟಿದ್ದರೆ ಸಾಕಿತ್ತು.

ಮಧ್ಯಾಹ್ನ ರೈಲಿನಡಿ ಸೇತುವೆ ಕುಸಿದ ಸುದ್ದಿ ಬಂತು. ಎಲ್ಲರೂ ಸ್ಟೇಷನ್ನಿಗೆ ಓಡಿದಾಗ ನಾನು ಸೀಮೆಸುಣ್ಣ ಹುಡುಕಿದೆ.

ತೊರಿಬಿಯೊನ ಕೆಲಸ ಹೋಯಿತು. ಸಮಾಧಿಯ ಹತ್ತಿರ ನೀನು ಅವನಿಗೆ "ಕೈ ಹೋಗಿದ್ದು ಸಾಲದು, ನಿನ್ನ ಕಣ್ಣೂ ಹೋಗ್ಲಿ!" ಎಂದು ಶಪಿಸುವಾಗ ನಿನ್ನ ತೋಳು ಹಿಡಿದುಕೊಂಡಿದ್ದವಳು ನಾನೇ. ಲಿಯಾಂದ್ರೊ ಸಾಯುವವರೆಗೂ ತೊರಿಬಿಯೊನ ಮುಖ ನೋಡಲಿಲ್ಲ. ನಾನು ದಿನಾ ಜಪಸರ ತಿರುಗಿಸಿದೆ. ಪಾದ್ರಿಗಳ ಹತ್ತಿರ ಹೇಳಿಕೊಂಡೆ, ದೇವರು ಕ್ಷಮಿಸಿದ್ದಾನೆ ಅಂದರು. ಆದರೆ ದೇವರ ಗಂಡ ಸತ್ತಿರಲಿಲ್ಲವಲ್ಲ, ಅಕ್ಕ.

ಸೋಮವಾರ ಸ್ಟೇಷನ್ನಿನ ಬೆಂಚಿನಲ್ಲಿ ತೊರಿಬಿಯೊನ ಪಕ್ಕ ಕೂತು ಎಲ್ಲ ಹೇಳಿದೆ. ಮುದುಕ ಹಳಿಯ ಕಡೆಗೇ ಮುಖ ಮಾಡಿ,

"ಗೊತ್ತಿತ್ತು ಮಗಳೇ. ಸ್ಲೇಟು ಒದ್ದೆ ಇತ್ತು," ಅಂದ.

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಒದ್ದೆ ಇದ್ದದ್ದು ಕಂಡೂ ಬಾಗಿಲು ತಟ್ಟಿ ಕೇಳ್ಲಿಲ್ಲ ನಾನು. ಹೊಸ ಮದುವೆ ಮನೆ, ಯಾಕೆ ಕಾಟ ಕೊಡೋದು ಅಂದ್ಕೊಂಡೆ. ನಿನಗೆ ಹತ್ತೊಂಬತ್ತು. ನನ್ನದು ಒಂದು ಕೈ ಆಗ್ಲೇ ಹೋಗಿತ್ತು, ಇನ್ನೇನು ಕತ್ತರಿಸ್ತಾರೆ ಬಿಡು ಅಂತ."

ಈಗ ಅವನ ಕಣ್ಣಿಗೆ ಪೊರೆ ಬಂದಿದೆ. ನಿನ್ನ ಮಾತು ತಗುಲಿತು ಎಂದೇ ನಂಬಿದ್ದಾನೆ.

ಸಮಿತಿಯವಳಿಗೆ ನಾಳೆ ನಿಜ ಹೇಳುತ್ತೇನೆ, ಕೆತ್ತುವುದಿದ್ದರೆ ನನ್ನ ಹೆಸರು ಕೆತ್ತಲಿ. ಮೊದಲು ನಿನಗೆ ಗೊತ್ತಾಗಬೇಕಿತ್ತು. ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಬರುವುದಿಲ್ಲ. ಅವನ ಮೇಲಿನ ಆ ಶಾಪವನ್ನು ಮಾತ್ರ ಇಳಿಸು. ಬೇಕಾದರೆ ನನ್ನ ಮೇಲೆ ಹಾಕು.

ಮಾತೆ ಮರಿಯಮ್ಮ ನಿನ್ನನ್ನೂ ನಿನ್ನ ಮಕ್ಕಳನ್ನೂ ಕಾಯಲಿ.

ಉತ್ತರವನ್ನು ಅಂಚೆಗೆ ಹಾಕಬೇಡ. ಬರುವ ಗುರುವಾರ ತೊರಿಬಿಯೊ ಕಣ್ಣು ತೋರಿಸಲು ನೀನೀಗಿರುವ ಊರಿನ ಆಸ್ಪತ್ರೆಗೆ ಬರುತ್ತಾನೆ, ತೆಗೆದುಕೊಂಡು ಬಾ ಎಂದು ಅವನನ್ನೇ ಕೇಳಿಕೊಂಡಿದ್ದೇನೆ. ಅವನು ತಟ್ಟುವುದು ನಿನಗೆ ಗೊತ್ತು, ಎರಡು ಸಲ, ಸ್ವಲ್ಪ ನಿಂತು ಇನ್ನೊಂದು ಸಲ. ಬಾಗಿಲು ತೆಗೆ, ಅಕ್ಕ.

ನಿನ್ನ ಪಕ್ಕದ ಮನೆಯ
ಯುಫೆಮಿಯಾ