ಬೆಳಕು ಚೆನ್ನಾಗಿರುವ ಜಾಗ

ಅಮ್ಮ,

ಕಾಲು ನೋವು ಹೇಗಿದೆ? ಕಡಿಮೆ ಆಗದಿದ್ದರೂ ಆಗಿದೆ ಎಂದೇ ಬರೆಯುತ್ತೀಯ, ಗೊತ್ತು.

ಸೋಮವಾರ ನಿನ್ನ ಹಳೆಯ ಹೊಲಿಗೆ ಕಾರ್ಖಾನೆಗೆ ಮೇಲ್ವಿಚಾರಕಿಯಾಗಿ ಸೇರಿದೆ. ಹೆಂಗಸರು ಕಿಟಕಿ ಪಕ್ಕದ ಮೆಷಿನ್ ಒರೆಸಿ, ಕುರ್ಚಿಗೆ ದಿಂಬು ಹಾಕಿ ನನಗಾಗಿ ಕಾದಿರಿಸಿದ್ದರು. ನಿನ್ನ ನಂತರ ಬಂದ ಮೇಲ್ವಿಚಾರಕಿಯರೆಲ್ಲ ಅಲ್ಲೇ ಕೂರುತ್ತಿದ್ದರಂತೆ. ನಿನ್ನ ಜಾಗ, ಅದೇ ಆ ಉಗಿ ಇಸ್ತ್ರಿಯ ಪಕ್ಕದ್ದು, ಈಗ ಹೊಸಬರ ಪಾಲಿಗೆ. ಅಲ್ಲಿ ಒಬ್ಬ ತುಂಬು ಬಸುರಿ ಕಾಲರ್ ಹೊಲಿಯುತ್ತಿದ್ದಳು. ಅವಳನ್ನು ಕಿಟಕಿಯ ಹತ್ತಿರ ಕಳಿಸಿ, ಅವಳ ಕುರ್ಚಿಯಲ್ಲಿ ನಾನು ಕೂತೆ.

ಮಧ್ಯಾಹ್ನದ ಹೊತ್ತಿಗೆ ಬೆನ್ನು ಬೆಂದುಹೋಗಿ ನಿನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಚಿಕ್ಕವಳಿದ್ದಾಗ ನಿನ್ನ ಬೆವರುಸಾಲೆಗೆ ಪೌಡರ್ ಹಚ್ಚುತ್ತಾ, "ಎಲ್ಲರಿಗೂ ದೊಡ್ಡವಳು ನೀನು, ಬೇರೆ ಕಡೆ ಕೂತ್ಕೋಬಾರ್ದಾ?" ಎಂದು ಕೇಳುತ್ತಿದ್ದೆ. ಪ್ರತಿಸಲವೂ ನೀನು, "ಅಲ್ಲಿ ಬೆಳಕು ಚೆನ್ನಾಗಿದೆ ಕಣೇ" ಎನ್ನುತ್ತಿದ್ದೆ. ಬೆಳಕಂತೆ ಬೆಳಕು! ಅಲ್ಲಿ ಸೂಜಿಗೆ ದಾರ ಪೋಣಿಸುವುದಕ್ಕೂ ತಡಕಾಡಬೇಕು.

ನೀನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಆ ದಪ್ಪ ಟವಲ್ ಇನ್ನೂ ಇದ್ದರೆ ಅಣ್ಣನ ಕೈಯಲ್ಲಿ ಕಳಿಸು. ಹೊಸದು ಕೊಳ್ಳಬೇಡ, ಅದೇ ಬೇಕು.

ನಿನ್ನೆ ಆ ಬಸುರಿ ಹುಡುಗಿ ಬಂದು, "ನನ್ನಿಂದ ನಿಮಗೆ ತೊಂದ್ರೆ ಆಯ್ತಲ್ಲ ಅಕ್ಕ" ಎಂದಳು.

"ತೊಂದ್ರೆ ಏನು ಬಂತು? ಇಲ್ಲಿ ಬೆಳಕು ಚೆನ್ನಾಗಿದೆ ಕಣೇ" ಎಂದೆ.

ಅದೇ ಕುರ್ಚಿಯಲ್ಲಿ ಕೂತು ಎದ್ದವಳಲ್ಲವೇ, ನಂಬಲಿಲ್ಲ. ಇವತ್ತು ಬೆಳಗ್ಗೆ ಹೋಗಿ ನೋಡಿದರೆ, ಕಿಟಕಿಯ ಮೆಷಿನ್ನಿನ ಪುಟ್ಟ ದೀಪವನ್ನು ಬಿಚ್ಚಿ ತಂದು ನನ್ನ ಮೆಷಿನ್ನಿಗೆ ಸಿಕ್ಕಿಸಿದ್ದಳು.

ಈಗ ನಿಜಕ್ಕೂ ಬೆಳಕು ಚೆನ್ನಾಗಿದೆ, ಅಮ್ಮ.

ಇನ್ನೂ ಸಿಟ್ಟು ಇಳಿಯದ,
ನಿನ್ನ ಮಗಳು